ಹೆಂಗಸರು ಮುಟ್ಟದ ಭಂಡಾರ

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಬಿಡುವಾದರೆ ಗಂಡಸರಿಗೂ ಬಿಡುವು. ಅದಕ್ಕೇ ನಮ್ಮೂರ ಹಳ್ಳಕ್ಕೆ ಒಡ್ಡು ಕಟ್ಟುವ ಕೆಲಸವನ್ನು ಸೋಮವಾರಕ್ಕೇ ಇಟ್ಟುಕೊಂಡರು. ಎತ್ತು ಹೂಡುವಂತಿಲ್ಲ ಎಂದ ಮೇಲೆ ಚಕ್ಕಡಿಯೂ ಬರುವಂತಿಲ್ಲ. ಹಾಗಾದರೆ ಕಲ್ಲು ಮಣ್ಣು ಹೊರುವವರು ಯಾರು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಗಂಡಸರು ಅಗೆದು ಬುಟ್ಟಿ ತುಂಬಿದರು, ನಾವು ಹೆಂಗಸರು ಹೊತ್ತೆವು. ಪಕ್ಕದ ಮನೆಯ ಕಾಕಿ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತ, ಮುಂದಿನ ಜನ್ಮದಲ್ಲಾದರೂ ದೇವರು ತನ್ನನ್ನು ಎತ್ತು ಮಾಡಲಿ, ವಾರಕ್ಕೊಂದು ದಿನವಾದರೂ ರಜೆ ಸಿಗುತ್ತದೆ ಎನ್ನುತ್ತಿದ್ದಳು. ನಾವು ನಕ್ಕು ಇನ್ನೊಂದು ಬುಟ್ಟಿ ಎತ್ತಿಕೊಳ್ಳುತ್ತಿದ್ದೆವು.

ನಮ್ಮೂರು ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ. ಮೇಲೆ ಬೋಳು ಗುಡ್ಡ, ಕೆಳಗೆ ಹಳ್ಳ. ಮಳೆ ಬಂದಾಗ ಹಳ್ಳ ಅರ್ಧ ದಿನ ಕೆಂಪಗೆ ಹರಿದು ಕೃಷ್ಣೆಯ ಕಡೆ ಹೋಗಿಬಿಡುತ್ತಿತ್ತು. ಹಿಪ್ಪರಗಿ ಕಡೆಯ ನದಿ ದಂಡೆಯ ಬಂಧುಗಳ ಮನೆಗೆ ಹೋಗಿ ಬಂದವರು ವಾರಗಟ್ಟಲೆ ಅವರ ಕಬ್ಬಿನದೇ ಮಾತಾಡುತ್ತಿದ್ದರು. ನಮಗೆ ಇದ್ದದ್ದು ಹಳ್ಳದ ದಂಡೆಯ ಒಂದೇ ಸೀ ನೀರಿನ ಬಾವಿ. ಉಳಿದ ಬಾವಿಗಳ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ, ಬಟ್ಟೆಗೆ ಸೋಪು ಹತ್ತುತ್ತಿರಲಿಲ್ಲ. ಎಪ್ಪತ್ತೆರಡರ ಬರದಲ್ಲಿ ಆ ಸೀ ನೀರಿನ ಬಾವಿಯ ತಳದಲ್ಲಿ ಬಟ್ಟಲಿನಿಂದ ತೋಡಿ ಕೊಡ ತುಂಬಿದ್ದು ನನಗೆ ನೆನಪಿದೆ.

ಒಡ್ಡಿನ ಯೋಚನೆ ನನ್ನ ಅಪ್ಪನದು. ಅವನು ಹುಟ್ಟಾ ಕುರುಬ, ಬೀರಪ್ಪನ ಒಕ್ಕಲು. ಕುರಿ ಹಿಂದೆ ತಿರುಗಿ ತಿರುಗಿ ಯಾವ ಇಳಿಜಾರಿನಲ್ಲಿ ನೀರು ಎಲ್ಲಿ ಇಂಗುತ್ತದೆ ಎಂದು ಕಾಲಿನಿಂದಲೇ ತಿಳಿದುಕೊಂಡಿದ್ದ. ಗುಡ್ಡದ ಮೇಲೆ ಹುಲ್ಲು ಉಳಿಯಬೇಕು, ಹಳ್ಳದಲ್ಲಿ ನೀರು ನಿಲ್ಲಬೇಕು, ಆಗ ಬಾವಿ ಬತ್ತುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಹೇಳಿದ್ದಷ್ಟೇ ಅಲ್ಲ, ಮೊದಲು ತನ್ನ ಕುರಿಗಳನ್ನೇ ಆ ಗುಡ್ಡದಿಂದ ಇಳಿಸಿ ಬೀಳಗಿ ಕಡೆ ಹೊಡೆದುಕೊಂಡು ಹೋಗತೊಡಗಿದ. ಅವನನ್ನು ನೋಡಿ ಉಳಿದ ಕುರಿಯವರೂ ಗುಡ್ಡ ಬಿಟ್ಟರು. ಎರಡು ಬೇಸಿಗೆಯ ಸೋಮವಾರಗಳಲ್ಲಿ ಒಡ್ಡು ಎದ್ದು ನಿಂತಿತು. ಆ ವರ್ಷದ ಮಳೆಗೆ ಹಳ್ಳದಲ್ಲಿ ನೀರು ನಿಂತಿತು, ಮತ್ತು ಮುಂದಿನ ಬೇಸಿಗೆಯಲ್ಲಿ ಬಾವಿಯ ಮೇಲಿನ ಮೆಟ್ಟಿಲಲ್ಲೇ ಬಗ್ಗಿ ಕೊಡ ತುಂಬಬಹುದಾಗಿತ್ತು. ನನ್ನ ಅವ್ವ ಅಲ್ಲೇ ಕೂತು ಅತ್ತಳು.

ನೀರು ಬಂದ ಮೇಲೆ ಭಯವೂ ಬಂತು. ಮುಧೋಳದ ಕಡೆ ಬೋರು ಹೊಡೆಸಿದ ಹೊಲಗಳ ಸುತ್ತ ಬಾವಿಗಳು ಬತ್ತಿವೆ ಎಂದು ಸಂತೆಗೆ ಹೋದವರು ಸುದ್ದಿ ತಂದರು. ಅಪ್ಪ ಹಿರಿಯರನ್ನು ಸೇರಿಸಿದ. ಸೀ ನೀರಿನ ಬಾವಿಯ ಹತ್ತಿರ ಡೊಳ್ಳು ಬಾರಿಸುವುದು, ಅದರ ಸದ್ದು ಕೇಳುವಷ್ಟು ದೂರದೊಳಗೆ ಯಾರೂ ಬೋರು ಹೊಡೆಸಬಾರದು ಎಂದು ಗೊತ್ತುಮಾಡಿದರು. ಒಬ್ಬ ಡೊಳ್ಳು ಬಾರಿಸುತ್ತ ನಿಂತ. ನಾಲ್ಕು ಮಂದಿ ನಾಲ್ಕು ದಿಕ್ಕಿಗೆ ನಡೆದು, ಸದ್ದು ಅಡಗಿದ ಕಡೆ ಒಂದೊಂದು ಕಲ್ಲು ನೆಟ್ಟು ಬಂದರು. ಗಾಳಿ ಬೀಸುತ್ತಿದ್ದ ದಿಕ್ಕಿನಲ್ಲಿ ಗಡಿ ಒಂದಿಷ್ಟು ಉದ್ದವೇ ಆಯಿತು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಆಮೇಲೆ ಬೀರಪ್ಪನ ಗುಡಿಯಲ್ಲಿ ಆಣೆ. ತಾಟಿನಲ್ಲಿ ಭಂಡಾರ, ಎಂದರೆ ದೇವರ ಅರಿಶಿನ ಪುಡಿ, ತುಂಬಿ ಇಟ್ಟಿದ್ದರು. ಅದನ್ನು ಮುಟ್ಟಿ ಹೇಳಿದ ಮಾತನ್ನು ಮೀರಿದವನಿಗೆ ಮನೆತನವೇ ಉಳಿಯುವುದಿಲ್ಲ ಎಂಬ ನಂಬಿಕೆ. ಮನೆಗೊಬ್ಬ ಹಿರಿಯ ಬಂದು ಮುಟ್ಟಬೇಕು. ನಾನು ಆಗ ಜಮಖಂಡಿಯಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದೆ, ಅಕ್ಷರ ದುಂಡಗಿದ್ದವು. ಮುಟ್ಟಿದವರ ಹೆಸರು ಬರೆಯಲು ನನ್ನನ್ನು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಒಳಗಿನಿಂದ ಕೂಗುತ್ತಿದ್ದರು, ನಾನು ಬರೆಯುತ್ತಿದ್ದೆ.

ಅರ್ಧ ಬರೆಯುವಷ್ಟರಲ್ಲಿ ನನಗೆ ಒಂದು ಮಾತು ಹೊಳೆಯಿತು. ಅದಕ್ಕೆ ಕೆಲವು ವರ್ಷ ಹಿಂದೆ ಸರಕಾರ ಹೆಚ್ಚಿನ ಭೂಮಿ ಕಿತ್ತುಕೊಳ್ಳುತ್ತದೆ ಎಂದು ಊರಿಗೆ ಊರೇ ಹೆದರಿ, ಹೊಲಗಳನ್ನು ಹೆಂಡಿರ ಹೆಸರಿಗೆ, ಹೆಣ್ಣುಮಕ್ಕಳ ಹೆಸರಿಗೆ ಬರೆಸಿತ್ತು. ನಮ್ಮೂರಲ್ಲಿ ಕಿತ್ತುಕೊಳ್ಳುವಷ್ಟು ಭೂಮಿ ಯಾರಿಗೂ ಇರಲಿಲ್ಲ. ಆದರೂ ಒಬ್ಬ ಬರೆಸಿದ ಎಂದು ಇನ್ನೊಬ್ಬ ಬರೆಸಿದ್ದ. ಬಾವಿಗೆ ಹತ್ತಿದ ನಮ್ಮ ಹೊಲದ ಉತಾರದಲ್ಲೂ, ಎಂದರೆ ಪಹಣಿಯಲ್ಲೂ, ಅಪ್ಪನ ಹೆಸರು ಹೋಗಿ ನನ್ನ ಹೆಸರು ಕೂತಿತ್ತು. ನಾನು ಬಾಗಿಲಿಗೆ ಹೋಗಿ, ಹೊಲಗಳು ಹೆಂಗಸರ ಹೆಸರಿನಲ್ಲಿವೆ, ಅವರೂ ಮುಟ್ಟಬೇಕಲ್ಲವೇ ಎಂದೆ. ಒಳಗೆ ಎಲ್ಲರೂ ನಕ್ಕರು.

“ಹೆಣ್ಣಮಕ್ಕಳು ಎಂದಾದರ ಬೋರ ಹೊಡಸ್ಯಾರೇನ ಬೇ? ಬರಿ, ಬರಿ” ಎಂದ ಒಬ್ಬ ಹಿರಿಯ.

ಅಪ್ಪನೂ ನಕ್ಕ. ಆ ನಗು ನನ್ನನ್ನು ಚುಚ್ಚಿತು. ಮಣ್ಣು ಹೊರುವಾಗ ನಾವು ಬೇಕು, ಹೊಲ ಬಚ್ಚಿಡುವಾಗ ನಮ್ಮ ಹೆಸರು ಬೇಕು, ಮಾತು ಕೊಡುವಾಗ ಮಾತ್ರ ನಾವು ಕಟ್ಟೆಯ ಮೇಲೆ. ನಾನು ಉಳಿದ ಹೆಸರುಗಳನ್ನು ಬರೆದು ಮುಗಿಸಿ ಮನೆಗೆ ಬಂದೆ. ಆ ಸಿಟ್ಟನ್ನು ಬಹಳ ವರ್ಷ ಸಾಕಿದೆ. ಸಾಕಲು ಖರ್ಚೇನೂ ಇರಲಿಲ್ಲ.

ನನಗೆ ಜಮಖಂಡಿಯಲ್ಲೇ ಸಾಲೆಯ ನೌಕರಿ ಸಿಕ್ಕಿತು, ಅಲ್ಲೇ ಒಂದು ಕಚೇರಿಯಲ್ಲಿದ್ದವರ ಜೊತೆ ಮದುವೆಯೂ ಆಯಿತು. ಎಂಬತ್ತರ ದಶಕದ ನಡುವೆ ಒಂದು ದಿನ ಊಟದ ಬಿಡುವಿನಲ್ಲಿ ಅಣ್ಣ ಸಾಲೆಗೆ ಬಂದ. ಹೊಲ ಮನೆ ನೋಡಿಕೊಂಡು ಊರಲ್ಲೇ ಇದ್ದವನು ಅವನು. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಬಗಲಲ್ಲಿ ಒಂದು ಕಾಗದ. ಬಾವಿಯ ಪಕ್ಕದ ಹೊಲಕ್ಕೆ ಬೋರು ಹೊಡೆಸುತ್ತೇನೆ, ಕರೆಂಟಿನ ಅರ್ಜಿಗೆ ಹೊಲದ ಒಡತಿಯ ಸಹಿ ಬೇಕು ಎಂದ. ಅಪ್ಪ ಭಂಡಾರ ಮುಟ್ಟಿದ್ದಾನಲ್ಲ ಎಂದು ನಾನು ಕೇಳಿದೆ. ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದವನಂತೆ ಅವನು ತಟ್ಟನೆ ಹೇಳಿದ.

“ಅಪ್ಪ ಮುಟ್ಟ್ಯಾನ, ಖರೆ. ಹೊಲಾ ಅಪ್ಪನ ಹೆಸರಲೇ ಎಲ್ಲೈತಿ? ನೀ ಏನರ ಮುಟ್ಟಿಯೇನ, ತಂಗಿ?”

ಹತ್ತು ವರ್ಷದ ಹಿಂದೆ ನಾನು ಬಾಗಿಲಲ್ಲಿ ನಿಂತು ಕೇಳಿದ ಮಾತೇ ತಿರುಗಿ ಬಂದಿತ್ತು. ಬೇಡ ಎನ್ನಬಹುದಾಗಿತ್ತು. ಒಡ್ಡಿಗೆ ಮಣ್ಣು ಹೊತ್ತ ತಲೆ ನನ್ನದು, ಆ ಬಾವಿಯ ನೀರು ಕುಡಿದು ಬೆಳೆದ ಮೈ ನನ್ನದು. ಅಣ್ಣ ನನ್ನನ್ನು ಏಮಾರಿಸಿದ ಎಂದು ಆಮೇಲೆ ಬಹಳ ಮಂದಿಗೆ ಹೇಳಿದ್ದೇನೆ. ಅದು ಸುಳ್ಳು. ನನಗೆ ಎಲ್ಲವೂ ಗೊತ್ತಿತ್ತು. ನಕ್ಕ ಗಂಡಸರಿಗೆ ಈಗ ಗೊತ್ತಾಗಲಿ ಎಂದು ಸಹಿ ಮಾಡಿದೆ. ಮಕ್ಕಳ ಹಾಜರಿ ಹಾಕುವ ಪೆನ್ನಿನಿಂದಲೇ, ದುಂಡಗೆ, ಪೂರ್ತಿ ಹೆಸರು ಬರೆದೆ. ಅಣ್ಣ ಹೋದ ಮೇಲೆ ರೊಟ್ಟಿ ಬಿಚ್ಚಿ ಉಂಡೆ, ರುಚಿಯಾಗಿಯೇ ಇತ್ತು.

ಬೋರಿನ ಗಾಡಿ ಬಂದ ದಿನ ಊರೆಲ್ಲ ಹೊಲದ ಬದುವಿನ ಮೇಲೆ ನಿಂತು ನೋಡಿತಂತೆ. ನೀರು ಚಿಮ್ಮಿದಾಗ ಮಕ್ಕಳು ಕುಣಿದರು, ಹಿರಿಯರು ಮುಖ ಮುಖ ನೋಡಿಕೊಂಡರು. ಅಪ್ಪ ಆಗ ಕುರಿಗಳ ಜೊತೆ ಬೀಳಗಿ ಕಡೆ ಇದ್ದ. ಬಂದು ನೋಡಿ, ಗುಡಿಗೆ ಹೋಗಿ ಕೂತ. ಭಂಡಾರ ಮುಟ್ಟಿದ ಮನೆಯವರೇ ಮೀರಿದರು ಎಂದು ಒಂದು ವಾರ ಊರು ಗುಲ್ಲೆಬ್ಬಿಸಿತು. ಎರಡನೆಯ ವಾರ ಸುಮ್ಮನಾಯಿತು. ಮೂರನೆಯ ವಾರದಿಂದ ಒಬ್ಬೊಬ್ಬರೇ ತಮ್ಮ ತಮ್ಮ ಹೊಲದ ಉತಾರ ತೆಗೆದು ನೋಡತೊಡಗಿದರು. ಅಂದು ಗುಡಿಯಲ್ಲಿ ನನಗೆ ಬರಿ ಬರಿ ಎಂದಿದ್ದ ಹಿರಿಯನ ಹೊಲ ಹೆಂಡತಿಯ ಹೆಸರಲ್ಲಿತ್ತು. ಆಕೆ ಹೆಬ್ಬೆಟ್ಟು ಒತ್ತಿದಳು.

ಕಬ್ಬು ಬಂತು. ಡೊಳ್ಳಿನ ಗಡಿಯ ಕಲ್ಲುಗಳು ಕಬ್ಬಿನ ಒಳಗೆ ಮುಚ್ಚಿಹೋದವು. ನಾವು ತಲೆಯ ಮೇಲೆ ಹೊತ್ತು ನಿಲ್ಲಿಸಿದ ನೀರನ್ನು ಕರೆಂಟು ಬಂದಾಗಲೆಲ್ಲ ಮೋಟರುಗಳು ಎಳೆದುಕೊಂಡವು. ಮೂರನೆಯ ಬೇಸಿಗೆಗೆ ಸೀ ನೀರಿನ ಬಾವಿಯಲ್ಲಿ ಕೆಸರು ಉಳಿಯಿತು, ನಾಲ್ಕನೆಯದಕ್ಕೆ ಅದೂ ಇಲ್ಲ. ಹೆಂಗಸರು ಕೊಡ ಹಿಡಿದು ನಮ್ಮ ಬೋರಿನ ಮುಂದೆ ಸಾಲು ನಿಂತರು. ಊರಿಗೆ ಹೋದಾಗ ಪಕ್ಕದ ಮನೆಯ ಕಾಕಿ ನನ್ನನ್ನು ಹಿಡಿದು ನಿಲ್ಲಿಸಿ, ನೀರು ಬಿಡಲು ಅಣ್ಣನಿಗೆ ಹೇಳು, ನಿನ್ನ ಹೊಲ ಅಲ್ಲವೇ ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವವರ ದನಿ ಇತ್ತು. ಅದನ್ನು ಕೇಳಲಾಗದೆ ಅವತ್ತೇ ಜಮಖಂಡಿಯ ಬಸ್ಸು ಹತ್ತಿದೆ.

ಆ ಬೇಸಿಗೆಯ ಕೊನೆಗೆ ಅಪ್ಪ ನನ್ನ ಮನೆಗೆ ಬಂದ. ಅಷ್ಟು ವರ್ಷಗಳಲ್ಲಿ ಅವನು ಜಮಖಂಡಿಯ ನನ್ನ ಮನೆಯಲ್ಲಿ ಒಂದು ರಾತ್ರಿಯೂ ತಂಗಿದವನಲ್ಲ. ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ಪಡಸಾಲೆಯಲ್ಲಿ ಕೂತ. ಸಹಿಯ ಮಾತು ಎತ್ತುತ್ತಾನೆ, ಬಯ್ಯುತ್ತಾನೆ ಎಂದು ನಾನು ಕಾದೆ. ಬೈದರೆ ಕೊಡಲು ಉತ್ತರಗಳನ್ನು ಗುಡಿಯ ಆ ದಿನದಿಂದಲೇ ಜೋಡಿಸಿಟ್ಟಿದ್ದೆ.

ಅವನು ಬಯ್ಯಲಿಲ್ಲ. “ನೀ ಅವತ್ತ ಗುಡಿ ಬಾಗಲಾಗ ಹೇಳಿದ್ದು ಖರೆ ಇತ್ತು” ಎಂದ. “ನಾವು ಕೇಳಲಿಲ್ಲ, ತಪ್ಪಾತು. ಈಗ ನಿನ್ನ ಹೆಸರಲೇ ಐತಿ, ಬೋರ ಬಂದ್ ಮಾಡಸು, ಮಗಳ. ನಮ್ದು ಬಂದ್ ಆದರ ಉಳದವರ ಮನಿ ಬಾಗಲಿಗೆ ನಾ ಹೋಗಿ ಕೇಳಬಹುದು. ಈಗ ಯಾವ ಬಾಯಿಂದ ಕೇಳಲಿ?”

ಅವನು ಹೋದ ಮೇಲೆ ಅರ್ಜಿ ಬರೆದೆ. ಈ ಹೊಲದ ಕರೆಂಟು ಕಡಿದು ಹಾಕಬೇಕು ಎಂದು ನಾಲ್ಕೇ ಸಾಲು. ಸಹಿ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು, ಕೊಡುವ ಮೊದಲು ಅಣ್ಣನಿಗೆ ತಿಳಿಸೋಣ ಎಂದು ಭಾನುವಾರ ಊರಿಗೆ ಹೋದೆ. ಅಣ್ಣ ಕಬ್ಬಿಗೆ ನೀರು ತಿರುವುತ್ತಿದ್ದ. ಕೈಯಲ್ಲಿನ ಸಲಿಕೆ ಕೆಳಗಿಡದೆಯೇ ಅರ್ಜಿ ಓದಿ ಮಡಚಿ ತಿರುಗಿ ಕೊಟ್ಟ.

“ಕೊಡು. ಕೊಟ್ಟ ಮ್ಯಾಲ ಈ ಮನಿ ಹೊಸ್ತಲಾ ತುಳಿಬ್ಯಾಡ. ತವರು ಇಲ್ಲ ಅಂತ ತಿಳಕೋ.”

ನನ್ನ ಸಂಬಳ ನನಗಿತ್ತು, ಮನೆಯಿತ್ತು, ಗಂಡನಿದ್ದರು. ತವರು ಹೋದರೆ ಹಸಿವಿನಿಂದ ಸಾಯುವವಳಲ್ಲ. ಆದರೆ ನಾಗರ ಪಂಚಮಿಗೆ ಕರೆಯಲು ಬರುವ ಅಣ್ಣ ಇಲ್ಲದ ಹೆಣ್ಣನ್ನು ನಮ್ಮ ಕಡೆ ಹೇಗೆ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಸಿಟ್ಟಿನಿಂದ ಸಹಿ ಮಾಡುವ ಧೈರ್ಯ ನನಗಿತ್ತು. ಒಂದು ಊರಿನ ನೀರಿಗಾಗಿ ಹಬ್ಬದ ಕರೆ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ. ಅರ್ಜಿ ನನ್ನ ಪರ್ಸಿನಲ್ಲಿ ಮಡಿಕೆ ಹರಿದು ನಾಲ್ಕು ತುಂಡಾಗುವವರೆಗೂ ಇತ್ತು. ಅಪ್ಪ ಮತ್ತೆ ಕೇಳಲಿಲ್ಲ.

ಅವನು ಆ ಬೋರಿನ ನೀರು ಕುಡಿಯುವುದನ್ನು ಬಿಟ್ಟ. ಯಾರಿಗೂ ಹೇಳಿ ಬಿಟ್ಟದ್ದಲ್ಲ. ಹಳ್ಳದ ಮರಳಿನಲ್ಲಿ ಕೈಯಿಂದ ಗುಂಡಿ ತೋಡಿ, ಜಿನುಗಿದ್ದನ್ನು ಬಟ್ಟೆಯಲ್ಲಿ ಸೋಸಿ ಚರ್ಮದ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಕುರಿ ಹಿಂದೆ ಹೋದಾಗ ಮಾಡುತ್ತಿದ್ದ ಹಾಗೆ. ಮರಳು ಒಣಗಿದಾಗ ಸವಳು ನೀರನ್ನೇ ಕುಡಿದ. ಮುದುಕನಿಗೆ ಹಟ ಎಂದು ಅಣ್ಣ ಊರ ಮುಂದೆ ನಗುತ್ತಿದ್ದ. ಅವ್ವ ಮಾತ್ರ ನಡುವೆ ಸಿಕ್ಕು, ಒಂದೇ ಮನೆಯಲ್ಲಿ ಎರಡು ಕೊಡ ಬೇರೆ ಬೇರೆ ಇಟ್ಟುಕೊಂಡು ದಿನ ಕಳೆದಳು.

ಮುಂದಿನ ವರ್ಷ ಪಂಚಮಿಗೆ ಅಣ್ಣ ಕರೆಯಲು ಬಂದ. ನಾನು ಹೋದೆ. ಆ ವರ್ಷ ಶ್ರಾವಣ ಬಂದರೂ ಮಳೆ ಇರಲಿಲ್ಲ. ಅಣ್ಣ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಮುಂದೆ ಹೋಗಿದ್ದ, ನಾನು ಬಸ್ಸಿಳಿದು ಎರಡು ಮೈಲಿ ಸುಡುವ ಬಿಸಿಲಿನಲ್ಲಿ ನಡೆದು ಬಂದೆ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ತುಟಿ ಒಡೆದಿದ್ದವು. ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ತುಣುಕು ಬೆಲ್ಲ ಮತ್ತು ತುಂಬಿದ ತಂಬಿಗೆ ತಂದು ನನ್ನ ಕೈಗೆ ಕೊಟ್ಟಳು. ಬೆಲ್ಲ ನಮ್ಮದೇ ಹೊಲದ ಕಬ್ಬಿನದು, ನೀರು ನಮ್ಮದೇ ಬೋರಿನದು ಎಂದು ಹೆಮ್ಮೆಯಿಂದ ಹೇಳಿದಳು.

ಅಪ್ಪ ನನ್ನನ್ನೇ ನೋಡುತ್ತಿದ್ದ. ತಂಬಿಗೆ ಕೆಳಗಿಡಬೇಕು ಎಂದು ಖರೆಯಾಗಿಯೂ ಅಂದುಕೊಂಡೆ. ಗಂಟಲು ಒಣಗಿತ್ತು, ನೀರು ತಣ್ಣಗಿತ್ತು. ಎತ್ತಿ ಗಟಗಟ ಕುಡಿದುಬಿಟ್ಟೆ. ಸೆರಗಿನಿಂದ ಬಾಯಿ ಒರೆಸಿಕೊಳ್ಳುವಾಗ ಅಪ್ಪ ವೈನಿಯ ಕಡೆ ತಿರುಗಿದ.

“ಆಕಿಗೆ ಇನ್ನೊಂದ ತಂಬಗಿ ತಂದು ಕೊಡವ್ವಾ. ಬಿಸಲಾಗ ನಡಕೊಂತ ಬಂದಾಳ” ಎಂದ.

ವೈನಿ ತಂದು ಕೊಟ್ಟಳು. ಅದನ್ನೂ ಕುಡಿದೆ.