ಅಕ್ಕನ ಮಗಳಲ್ಲ

ನಿವೃತ್ತಿಯಾದ ಇಂಗ್ಲಿಷ್ ಮೇಷ್ಟ್ರ ಬಾಯಿ ಸುಮ್ಮನಿರುವುದಿಲ್ಲ. ನನ್ನ ಕಾಟ ತಾಳಲಾರದೆ ಹೆಂಡತಿಯೇ ನನ್ನನ್ನು ಚಿತ್ರದುರ್ಗದ ಒಬ್ಬ ವಕೀಲೆಯ ಕೈಕೆಳಗೆ ಕೆಲಸಕ್ಕೆ ಅಟ್ಟಿದಳು. ತಮ್ಮ ದೇಶಕ್ಕೆ ಮರಳಿದರೆ ಜೀವ ಉಳಿಯದು ಎನ್ನುವವರ ಅರ್ಜಿಗಳನ್ನು ಅವರು ಪುಕ್ಕಟೆ ನೋಡಿಕೊಡುತ್ತಿದ್ದರು. ದುರ್ಗದ ಸೀಮೆಯಲ್ಲಿ ಅಂಥವರು ಎಷ್ಟು ಮಂದಿ ಇದ್ದಾರು? ಇದ್ದದ್ದು ಒಬ್ಬಳೇ. ಆ ಒಬ್ಬಳಿಗಾಗಿ ವರ್ಷವಿಡೀ ಹೊಸದುರ್ಗದ ಬಸ್ಸು ಹತ್ತಿದೆ. ಅಷ್ಟು ಖುಷಿಯಾಗಿ ನಾನು ಶಾಲೆಗೂ ಹೋದವನಲ್ಲ.

ಹುಡುಗಿ ಸುಡಾನಿನವಳು. ದುರ್ಗಕ್ಕೆ ಫಾರ್ಮಸಿ ಓದಲು ಬಂದಿದ್ದಳು. ಓದು ಮುಗಿಯುವ ಹೊತ್ತಿಗೆ ಅವಳೂರಲ್ಲಿ ಯುದ್ಧ, ಇಲ್ಲಿ ವೀಸಾ ಖಾಲಿ. ದೆಹಲಿಯ ವಿಶ್ವಸಂಸ್ಥೆ ಕಚೇರಿಯವರು ನಿರಾಶ್ರಿತಳೆಂದು ಒಪ್ಪಿ ಕಾರ್ಡು ಕೊಟ್ಟರೆ ಉಳಿಯಬಹುದು, ಇಲ್ಲದಿದ್ದರೆ ಬಾಂಬು ಬೀಳುವ ಊರಿಗೇ ವಾಪಸು. ಅಲ್ಲಿಯವರೆಗೆ ಅವಳ ಸಹಪಾಠಿಯ ತಾಯಿ ಅವಳನ್ನು ತಮ್ಮ ಹೊಸದುರ್ಗದ ಮನೆಯಲ್ಲಿ ಇಟ್ಟುಕೊಂಡಿದ್ದರು.

ಎಡವಟ್ಟಾದದ್ದು ಆ ತಾಯಿಯಿಂದಲೇ. ವಿಚಾರಣೆಗೆ ಪೇದೆ ಬಂದಾಗ, ಮನೆಯಲ್ಲಿ ಉಣ್ಣುವ ಹುಡುಗಿಯನ್ನು ಹೊರಗಿನವಳು ಎನ್ನಲು ಬಾಯಿ ಬಾರದೆ, "ನಮ್ಮಕ್ಕನ ಮಗಳು ಕಣಪ್ಪ" ಎಂದುಬಿಟ್ಟರು. ಪೇದೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗಿಯನ್ನು ನೋಡಿದ. ಅವಳ ಭುಜಕ್ಕೂ ಬಾರದ ತಾಯಿಯನ್ನು ನೋಡಿದ.

"ಎತ್ತರ ಯಾರ ಕಡೇದಮ್ಮ?"

"ಅವರಪ್ಪನ ಕಡೇದು."

ಅವನು ಅದನ್ನೇ ಬರೆದುಕೊಂಡು, ಮಜ್ಜಿಗೆ ಕುಡಿದು ಹೋದ.

ವಕೀಲೆ ತಲೆ ಮೇಲೆ ಕೈ ಹೊತ್ತರು. ಠಾಣೆಗೆ ತಿದ್ದುಪಡಿ ಪತ್ರ ಕೊಟ್ಟದ್ದಾಯಿತು. ಆದರೆ ಸಂದರ್ಶನದ ದಿನ ದೆಹಲಿಯವರು ಈ ತಾಯಿಯನ್ನೂ ಫೋನಿನಲ್ಲಿ ಕೇಳುವವರಿದ್ದರು. ಅಲ್ಲೂ ಅಕ್ಕನ ಮಗಳೆಂದರೆ ಹುಡುಗಿ ಹೇಳಿದ್ದೆಲ್ಲ ಸುಳ್ಳಾಗಿಬಿಡುತ್ತಿತ್ತು. "ಸಂಬಂಧ ಇಲ್ಲ ಅಂತ ಹೇಳೋದು ಕಲಿಸಿ ಬರ್ರಿ, ಮೇಷ್ಟ್ರೇ" ಎಂದು ನನ್ನನ್ನು ಕಳಿಸಿದರು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ವಾಕ್ಯ ಕಲಿಸಲಾಗಲಿಲ್ಲ. ನಾನು ದೆಹಲಿಯ ಅಧಿಕಾರಿಯಾಗಿ ಗಂಟಲು ಗಡುಸು ಮಾಡಿ, "ಈಕೆ ನಿಮಗೇನಾಗಬೇಕು?" ಎಂದರೆ ಆಕೆ, "ಏನೂ ಆಗ್ಬೇಕಿಲ್ಲ, ಆದ್ರೆ..." ಎಂದು ಶುರುಮಾಡುತ್ತಿದ್ದರು. 'ಆದ್ರೆ' ಬೇಡ ಎಂದೆ.

"ಹೊರಡೋವಾಗ್ಲೂ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಮನೆಯಾಗಿರೋ ಹೆಣ್ಮಗೀನ ಏನೂ ಅಲ್ಲ ಅಂತ ಹೆಂಗನ್ಲಿ? ಅಪಶಕುನ ಅಲ್ವೇನ್ರಿ?"

"ಅಮ್ಮ, ಹೇಳ್ರಿ. ನಂಗೇನೂ ಬೇಜಾರಿಲ್ಲ. ಇನ್ನೊಂದ್ಸಲ ಮಾಡಾಣ" ಎಂದು ಹುಡುಗಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಕೆಗೂ ನಗು, ನನಗೂ ನಗು. ನಗುವಿನಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಎಷ್ಟು ಸಲವೋ.

ಸಂದರ್ಶನದ ದಿನ ಮಾತ್ರ ಯಾರೂ ನಗಲಿಲ್ಲ. ಹುಡುಗಿಯದು ಎರಡು ತಾಸು ನಡೆಯಿತು. ಆಮೇಲೆ ಫೋನು ತಾಯಿಯ ಕೈಗೆ ಬಂತು. ಆ ಕಡೆಯ ದುಭಾಷಿ ನಾನು ಕಲಿಸಿದ ಪ್ರಶ್ನೆಯನ್ನೇ ಕೇಳಿದಳು.

"ಏನೂ ಆಗ್ಬೇಕಿಲ್ರಿ. ನಮಗೂ ಅವಳಿಗೂ ಏನೂ ಸಂಬಂಧ ಇಲ್ಲ."

'ಆದ್ರೆ' ಬರಲಿಲ್ಲ. ಫೋನು ಇಟ್ಟದ್ದೇ ತಡ, ಆಕೆ ಹಿತ್ತಿಲಿಗೆ ಓಡಿ ಮೂರು ಸಲ ಬಾಯಿ ಮುಕ್ಕಳಿಸಿದರು. ಒಳಗೆ ಬಂದು ಹುಡುಗಿಯ ಬಾಯಿಗೆ ಬೆಲ್ಲದ ಚೂರು ತುರುಕಿದರು. ನನಗೂ ಒಂದು ಸಿಕ್ಕಿತು.

ಕೆಲವು ತಿಂಗಳ ಮೇಲೆ, ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿದ್ದಾಗ ವಕೀಲೆಯ ಫೋನು: ಹುಡುಗಿಯ ಕೈಗೆ ಕಾರ್ಡು ಬಂದಿದೆ! ಹುಚ್ಚು ಸಂತೋಷದಲ್ಲಿ ಕೈಯಲ್ಲಿದ್ದ ಬಾಳೆಹಣ್ಣನ್ನೆಲ್ಲ ಪಕ್ಕದಲ್ಲಿ ನಿಂತವರಿಗೆ ಹಂಚಿ, ಹೊಸದುರ್ಗಕ್ಕೆ ಬರಿಗೈಯಲ್ಲಿ ಹೋದೆ. ಹುಡುಗಿ ಅಂಗಳದಲ್ಲಿ ಕುಣಿಯುತ್ತಿದ್ದಳು. ತಾಯಿ ಕಾರ್ಡನ್ನು ಸೆರಗಿನಿಂದ ಒರೆಸಿ ದೇವರ ಮುಂದೆ ಇಟ್ಟು ಬಂದರು. ಆಮೇಲೆ ನನ್ನ ಹತ್ತಿರ ನಿಂತು, ದನಿ ತಗ್ಗಿಸಿ ಕೇಳಿದರು:

"ಮೇಷ್ಟ್ರೇ, ಇನ್ಮೇಲೆ ನಿಜ ಹೇಳ್ಬೋದೇನ್ರಿ?"