ಕೊಟ್ಟಿಗೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರು

ಕಿರುಗಾವಲಿನ ನಮ್ಮ ಮನೆಗೆ ಎಲೆಕ್ಟ್ರಿಕ್ ಸ್ಕೂಟರು ಬಂದ ದಿನ ನನ್ನ ಮಾವ ಮೊದಲು ಮಾಡಿದ ಕೆಲಸ ಅದರ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ್ದು. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ, ಬಾಲ ಎಲ್ಲವನ್ನೂ ನೋಡಿ ಆಮೇಲೆ ಬಾಯಿ ಬಿಡುತ್ತಿದ್ದವರು ಅವರು. ಇದಕ್ಕೆ ಹೊಗೆ ಕೊಳವೆಯೇ ಇಲ್ಲದ್ದು ಕಂಡು ನನ್ನ ಕಡೆ ತಿರುಗಿದರು.

"ಇದು ಉಸ್ರು ಎಲ್ಲಿಂದ ಬುಡ್ತದವ್ವ?"

ನಾನು ನಕ್ಕುಬಿಟ್ಟೆ. ಬ್ಯಾಟರಿ ಬಿಸಿಯಾಗುತ್ತದೆ, ತಣ್ಣಗಾಗುತ್ತದೆ, ಅಷ್ಟು ಗೊತ್ತು. ಆ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಒಂದು ವಾರ ಸೀಟಿನ ಕೆಳಗೆ ಕೈಯಿಟ್ಟು ನೋಡುತ್ತಿದ್ದೆ.

ಮಳವಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಬಸ್ಸು ತಡವಾಯಿತು ಎಂದರೆ ಅವರು ನನ್ನ ರಕ್ತ ಹೀರುತ್ತಾರೆ. ಅದಕ್ಕೇ ಸ್ಕೂಟರು ತೆಗೆದುಕೊಂಡದ್ದು. ಗಂಡನದು ಮಂಡ್ಯದಲ್ಲಿ ಶಿಫ್ಟಿನ ಕೆಲಸ, ಅವರಿಗೆ ಈ ವಿಷಯಕ್ಕೆ ಪುರುಸೊತ್ತಿಲ್ಲ. ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಹೀಗಾಗಿ ಸ್ಕೂಟರಿನ ಸಾಕಣೆ ನನ್ನ ಮತ್ತು ಮಾವನ ಪಾಲಿಗೆ ಬಂತು.

ಸಾಕಣೆ ಎಂಬ ಮಾತು ಮಾವನದೇ. ಮೊಣಕಾಲು ಕೈಕೊಟ್ಟ ಮೇಲೆ ಅವರು ಎತ್ತಿನ ಜೋಡಿ ಮಾರಿದ್ದರು. ಕೊಟ್ಟಿಗೆ ಖಾಲಿಯಾದರೂ ಮಲಗುವುದನ್ನು ಮಾತ್ರ ಅಲ್ಲಿಂದ ಬದಲಾಯಿಸಿರಲಿಲ್ಲ. ಅಟ್ಟಕ್ಕೆ ವರ್ಷವರ್ಷ ಹುಲ್ಲು ಏರಿಸುವುದನ್ನೂ ಬಿಟ್ಟಿರಲಿಲ್ಲ, ಬೇಕಾದ ಅಕ್ಕಪಕ್ಕದವರು ಬಂದು ಒಯ್ಯುತ್ತಿದ್ದರು. ಮೇವು ಕತ್ತರಿಸುವ ಯಂತ್ರಕ್ಕೆಂದು ಹಾಕಿಸಿದ್ದ ದಪ್ಪ ಸಾಕೆಟ್ಟು ಇದ್ದದ್ದು ಕೊಟ್ಟಿಗೆಯಲ್ಲೇ. ಹೀಗೆ ಸ್ಕೂಟರು ಎತ್ತಿನ ಜಾಗಕ್ಕೆ ಬಂತು. ಪಕ್ಕದಲ್ಲಿ ಮಾವನ ಮಂಚ, ಮೇಲೆ ಹುಲ್ಲು. ಎಲ್ಲ ಹೊಂದಿಕೊಂಡಿತು ಎಂದು ನನಗೂ ಸಮಾಧಾನವೇ.

ಮೊದಲ ದಿನ ಕೆಲಸದಿಂದ ಬಂದವಳೇ ಚಾರ್ಜರು ಸಿಕ್ಕಿಸಲು ಹೋದೆ. ಮಾವ ಕೈ ಅಡ್ಡ ಹಿಡಿದರು.

"ದಣ್ದು ಬಂದಿರದ್ಕೆ ಆಗ್ಲೇ ನೀರ್ ಕುಡುಸ್ತಾರೇನವ್ವ? ಒಸಿ ಮೈ ಆರ್ಲಿ ಬುಡು."

ಗೊಣಗಿಕೊಂಡು ಚಾರ್ಜರು ಕೆಳಗಿಟ್ಟೆ. ರಾತ್ರಿ ಕಂಪನಿಯವರು ಕೊಟ್ಟ ಪುಸ್ತಕ ತೆಗೆದರೆ ಅದರಲ್ಲೂ ಅದೇ ಇತ್ತು, ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣಿಯಲಿ ಎಂದು. ನನಗೆ ಕುತೂಹಲ ಹತ್ತಿತು. ಮಾವನ ಎತ್ತಿನ ಶಾಸ್ತ್ರ ಈ ಗಾಡಿಗೆ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದೇ ನನ್ನ ಚಟವಾಯಿತು. ಮಾತಿಗೆ ಎಳೆದು ಎಳೆದು ಕೇಳುತ್ತಿದ್ದೆ. ದಿನಾ ಹೊಟ್ಟೆ ಬಿರಿಯ ತಿನ್ನಿಸಬಾರದು ಎಂದರು. ಪುಸ್ತಕವೂ ದಿನಾ ಪೂರ್ತಿ ತುಂಬಿಸಬೇಕಾಗಿಲ್ಲ ಎನ್ನುತ್ತಿತ್ತು. ಉಪವಾಸ ಕೆಡವಿದರೆ ಮತ್ತೆ ಮೈ ಹತ್ತುವುದಿಲ್ಲ ಎಂದರು. ಚಾರ್ಜು ಪೂರ್ತಿ ಇಳಿಸಿ ದಿನಗಟ್ಟಲೆ ಬಿಡಬೇಡಿ ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಅದನ್ನು ಬರೆದವನಿಗೂ ಮನೆಯಲ್ಲಿ ಎತ್ತಿದ್ದಿರಬೇಕು ಅನ್ನಿಸಿತು.

ಟೈರಿನ ಗಾಳಿಯ ವಿಷಯದಲ್ಲಿ ಶಾಸ್ತ್ರ ಸೋತಿತು. ಮಾವ ಹೆಬ್ಬೆರಳಿನಲ್ಲಿ ಒತ್ತಿ "ಸರ್‍ಯಾಗದೆ" ಎಂದದ್ದನ್ನು ನಂಬಿ ಒಂದು ತಿಂಗಳು ಓಡಿಸಿದೆ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಅಳೆಸಿದರೆ ಅರ್ಧ ಗಾಳಿಯೂ ಇರಲಿಲ್ಲ. ಚಾರ್ಜು ಬೇಗ ಬೇಗ ಇಳಿಯುತ್ತಿದೆ ಎಂದು ನಾನು ಬ್ಯಾಟರಿಯನ್ನು ಬೈದುಕೊಂಡದ್ದೇ ಬಂತು.

ಸಂಕ್ರಾಂತಿ ಬಂತು. ನಮ್ಮ ಕಡೆ ಅವತ್ತು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ದಾರಿಗೆ ಅಡ್ಡಲಾಗಿ ಹುಲ್ಲು ಹಾಕಿ ಬೆಂಕಿಯಿಟ್ಟು ಅದರ ಮೇಲೆ ಹಾಯಿಸುತ್ತಾರೆ. ಕಿಚ್ಚು ಹಾಯಿಸುವುದು ಎನ್ನುತ್ತೇವೆ. ನಾನು ಎಳ್ಳು ಬೀರಿ ಮನೆಗೆ ಬರುವಷ್ಟರಲ್ಲಿ ಮಾವ ಸ್ಕೂಟರಿಗೆ ಬಿಂದಿಗೆ ಬಿಂದಿಗೆ ನೀರು ಹೊಯ್ದು, ಹುಲ್ಲಿನ ಹಿಡಿಯಿಂದ ಸಂದಿಗೊಂದಿಯೆಲ್ಲ ತಿಕ್ಕಿ, ಕನ್ನಡಿಗಳಿಗೆ ಚೆಂಡುಹೂವು ಕಟ್ಟಿದ್ದರು. ಚಾರ್ಜಿನ ತೂತಿನ ಮುಚ್ಚಳವನ್ನೂ ತೆಗೆದು ತೊಳೆದು ಅಲ್ಲೊಂದು ಕುಂಕುಮದ ಬೊಟ್ಟಿಟ್ಟಿದ್ದರು. ಅದು ಅದರ ಬಾಯಂತೆ. ಈಗ ಕಿಚ್ಚಿಗೆ ಹೊರಡಿಸಲು ಸಿದ್ಧ.

"ಮಾವ, ಇದ್ರ ಹೊಟ್ಟೇಲಿರೋದು ಬ್ಯಾಟ್ರಿ. ಬೆಂಕಿ ಅಂದ್ರೆ ಇದಕ್ಕೆ ಆಗಲ್ಲ."

"ಯಾವ್ ಎತ್ತಿಗವ್ವ ಬೆಂಕಿ ಅಂದ್ರೆ ಆಯ್ತದೆ? ಎಲ್ಲಾ ಎದ್ರುಕಂಡೇ ಕಿಚ್ಚು ಆಯೋದು."

ಕೀಲಿ ಕಿತ್ತು ಸೆರಗಿಗೆ ಕಟ್ಟಿಕೊಂಡೆ. ಕೊನೆಗೆ ಅವರು ದೂರದಿಂದ ಕರ್ಪೂರ ಬೆಳಗಿ ಸುಮ್ಮನಾದರು. ಮುಖ ಮಾತ್ರ ಎರಡು ದಿನ ಊದಿಕೊಂಡಿತ್ತು.

ಹಬ್ಬದ ಮರುದಿನ ಗಾಡಿ ಚಾರ್ಜು ಹಿಡಿಯಲಿಲ್ಲ. ಉಳಿದಿದ್ದ ಅಷ್ಟಿಷ್ಟರಲ್ಲೇ ಜೀವ ಕೈಯಲ್ಲಿ ಹಿಡಿದು ಮಳವಳ್ಳಿಗೆ ಓಡಿಸಿಕೊಂಡು ಹೋಗಿ ಅಲ್ಲಿನ ಮೆಕ್ಯಾನಿಕ್ ಭಾಯ್ ಅಂಗಡಿಯಲ್ಲಿ ನಿಲ್ಲಿಸಿದೆ. ಅವರು ತೂತಿನೊಳಗೆ ಇಣುಕಿ, ಕುಂಕುಮದ ಕೆಸರನ್ನು ಬೆರಳ ತುದಿಯಲ್ಲಿ ತೆಗೆದು ನನಗೇ ತೋರಿಸಿದರು.

"ಏನಕ್ಕಾ, ಗಾಡಿಗೆ ನೆತ್ತಿ ಮೇಲೆ ನೀರ್ ಉಯ್ದು ಮದ್ವೆ ಮಾಡುದ್ರಾ?"

ಒಣಗಿಸುವ ಕೆಲಸ ಮಾಡುತ್ತಲೇ ಎಲ್ಲಿ ಚಾರ್ಜು ಹಾಕುತ್ತೀರಿ ಎಂದು ಕೇಳಿದರು. ಕೊಟ್ಟಿಗೆ ಎಂದೆ. ಹುಲ್ಲು ಇದೆಯೇ ಎಂದರು. ಇದೆ ಎಂದೆ. ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ ತಾನೆ ಎಂದರು.

"ನಮ್ಮ ಮಾವ ಮಲಗ್ತಾರೆ."

ಅವರ ಕೈ ನಿಂತಿತು. "ನೂರಕ್ಕೆ ಒಂದ್ ಗಾಡಿಗೂ ಏನೂ ಆಗಲ್ಲ ಅಕ್ಕಾ. ಆದ್ರೆ ಹತ್ಕಂಡ್ರೆ ನೀರ್ ಉಯ್ದ್ರೂ ಆರಲ್ಲ. ಯಜಮಾನ್ರನ್ನ ಅಲ್ಲಿಂದ ಎಬ್ಸಿ."

ಇಷ್ಟು ದಿನ ಎತ್ತಿಗೂ ಗಾಡಿಗೂ ಹೋಲಿಕೆ ಹುಡುಕುತ್ತ ಖುಷಿಪಟ್ಟವಳಿಗೆ ಹುಲ್ಲಿನ ಅಟ್ಟ ಕಣ್ಣಿಗೇ ಬಿದ್ದಿರಲಿಲ್ಲ.

ಅವತ್ತೇ ಮಾವನಿಗೆ ಹೇಳಿದೆ. ಮುದ್ದೆ ಮುರಿಯುತ್ತ ಕೇಳಿಸಿಕೊಂಡರು.

"ನಾ ಪಕ್ಕದಲ್ಲಿದ್ರೆ ತಾನೆ ಗೊತ್ತಾಗದು? ಒಳ್ಗ್ ಮನಿಕಂಡ್ರೆ ಏನ್ ಗೊತ್ತಾಯ್ತದೆ? ಎತ್ತು ಕಾಲ್ ಬದ್ಲಾಯ್ಸುದ್ರೂ ನಂಗ್ ಎಚ್ರ ಆಯ್ತಿತ್ತು."

"ಇದು ಎತ್ತಲ್ಲ ಮಾವ."

"ನೀನೇ ಅಂತಿದ್ದೆ, ಎಲ್ಲಾ ಎತ್ತಿನಂಗೇ ಅದೆ ಅಂತ."

ಅಂದದ್ದು ಹೌದು. ಅವರನ್ನು ಎಬ್ಬಿಸಲು ಆಗದಿದ್ದರೆ ಗಾಡಿಯನ್ನಾದರೂ ಎಬ್ಬಿಸೋಣ ಎಂದು ಮುಂದಿನ ಜಗಲಿಯ ಗೋಡೆಗೆ ಹೊಸ ಸಾಕೆಟ್ಟು ಹಾಕಿಸಿದೆ. ನೆಲದಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ ಅರ್ಥಿಂಗೂ ಕೊಡಿಸಿದೆ. ಆ ಗುಂಡಿ ಒಣಗಬಾರದು ಎಂದು ವೈರಿಂಗಿನವನು ಹೇಳಿದ್ದೇ ತಡ, ಮಾವ ದಿನಾ ಬೆಳಗ್ಗೆ ಒಂದು ಚೊಂಬು ನೀರು ಹೊಯ್ಯುವುದನ್ನು ತಮ್ಮ ಪಾಲಿಗೆ ತೆಗೆದುಕೊಂಡರು. ಸಂಜೆ ನೋಡಿದರೆ ಅವರ ಮಂಚವೂ ಕೊಟ್ಟಿಗೆಯಿಂದ ಜಗಲಿಗೆ ಬಂದಿತ್ತು. ಸ್ಕೂಟರಿನಿಂದ ಒಂದು ತೋಳಿನಳತೆ ದೂರ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮಾವ ಸಿಟ್ಟಿಗೆ ಬಗ್ಗುವ ಆಸಾಮಿ ಅಲ್ಲ. ರಾಜಿ ಮಾಡಿಕೊಂಡೆ. ರಾತ್ರಿ ಚಾರ್ಜು ನಿಲ್ಲಿಸಿ, ಮನೆಯಲ್ಲಿ ಎಲ್ಲರೂ ಎಚ್ಚರ ಇರುವಾಗಲೇ ಹಾಕಿ, ಮಲಗುವ ಮುಂಚೆ ಕಿತ್ತಿಡುತ್ತಿದ್ದೆ. ಮಾವ ಆಗಾಗ ಎದ್ದು ಚಾರ್ಜರಿನ ಮೇಲೆ ಅಂಗೈ ಹಿಂಭಾಗ ಇಡುತ್ತಿದ್ದರು, ಜ್ವರ ಬಂದ ದನದ ಕಿವಿ ಮುಟ್ಟಿ ನೋಡುವ ಹಾಗೆ. ಅದು ಒಳ್ಳೆಯ ಅಭ್ಯಾಸವೇ ಎಂದು ನಾನೂ ಕಲಿತೆ.

ಅವರೆಕಾಯಿ ಮುಗಿಯುತ್ತ ಬಂದಿದ್ದ ಕಾಲ. ಒಂದು ಭಾನುವಾರ ಬೆಳಗ್ಗೆ ಗುತ್ತಲಿನ ಅಕ್ಕನ ಮನೆಗೆ ಹೋಗಿ ಬಂದು, ಗಾಡಿಯ ಮೈ ಆರಿಸಿ, ಊಟ ಆದ ಮೇಲೆ ಜಗಲಿಯಲ್ಲಿ ಚಾರ್ಜಿಗೆ ಹಾಕಿದೆ. ಗಂಡ ಕೆಲಸಕ್ಕೆ ಹೋಗಿದ್ದರು. ಮಾವ ಮಂಚದ ಮೇಲೆ ಕೂತಿದ್ದರು, ನೋಡಿಕೊಳ್ಳುತ್ತೇನೆ ಎಂದರು. ನಾನು ಅಡುಗೆಮನೆಯಲ್ಲಿ ನೆನೆದ ಅವರೆಕಾಳು ಹಿಸುಕುತ್ತಿದ್ದೆ. ಪ್ಲಾಸ್ಟಿಕ್ ಬಳೆ ಸುಟ್ಟಂಥ ವಾಸನೆ ಬಂತು. ಮೊದಲು ಒಲೆ ಕಡೆ ನೋಡಿದೆ. ಆಮೇಲೆ ಓಡಿದೆ.

ಸಾಕೆಟ್ಟು ಕಂದು ಬಣ್ಣಕ್ಕೆ ತಿರುಗಿ ಅದರಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅದರ ಕೆಳಗೆ ಮಾವ ಟವೆಲು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ಬಾಗಿಲ ಒಳಗಿನ ಮೇನ್ ಸ್ವಿಚ್ಚು ಇಳಿಸಿದೆ. "ಮಾವ, ಏಳಿ!" ಎಂದು ರಟ್ಟೆ ಹಿಡಿದು ಎಳೆದೆ. ಅವರು ಎದ್ದು ಅಂಗಳಕ್ಕೆ ಇಳಿದರು. ಬೆಂಕಿ ಹತ್ತಲಿಲ್ಲ, ಗಾಡಿಗೂ ಏನೂ ಆಗಲಿಲ್ಲ. ಸಾಕೆಟ್ಟಿನ ಒಳಗೊಂದು ಸ್ಕ್ರೂ ಸಡಿಲವಿತ್ತಂತೆ, ಅದಕ್ಕೇ ಕಾದು ಕರಗಿದ್ದು.

ಹೊಗೆ ಪೂರ್ತಿ ನಿಂತ ಮೇಲೆ ಮಾವ ಮೆಟ್ಟಿಲು ಹತ್ತಿ ಬಂದರು. ಕರಗಿ ಅಂಟಿಕೊಂಡಿದ್ದ ಪ್ಲಗ್ಗನ್ನು ಬಹಳ ಹೊತ್ತು ನೋಡಿದರು.

"ನಾನ್ ಪಕ್ಕದಲ್ಲೇ ಇದ್ನಲ್ಲವ್ವ" ಎಂದರು.

"ಇದ್ರಿ ಮಾವ."

"ಒಂದ್ ಸದ್ದೂ ಮಾಡ್ನಿಲ್ವಲ್ಲ ಇದು. ಎತ್ತಾಗಿದ್ರೆ ಅಗ್ಗ ಕಿತ್ಕಂಡಾದ್ರೂ ನನ್ನ ಎಬ್ಬುಸ್ತಿತ್ತು."

ಆಮೇಲೆ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಂಚದ ತಲೆಭಾಗ ಎತ್ತಿದರು. ನಾನು ಹಿಡಿಯಲು ಹೋದರೆ ಬೇಡ ಎಂದು ತಲೆಯಾಡಿಸಿದರು. ಅವರು ಒಳಗೆ ಮಲಗಲಿ ಎಂದು ಎಷ್ಟು ಗೋಗರೆದಿದ್ದೆ ನಾನು. ಈಗ ಬಾಗಿಲಲ್ಲಿ ಸಿಕ್ಕಿಕೊಂಡ ಮಂಚವನ್ನು ಓರೆ ಮಾಡಿ, ನೋಯುವ ಮೊಣಕಾಲು ಊರಿಕೊಂಡು, ಅವರೊಬ್ಬರೇ ಒಳಗೆಳೆದುಕೊಳ್ಳುತ್ತಿದ್ದುದನ್ನು ನೋಡುತ್ತ ನಿಂತವಳಿಗೆ ಅಳು ಬಂತು.