ಮಾವನವರ ಬಂದೂಕಿನ ಎರಡು ತಿರುಪು

ನಮ್ಮ ಮಾವನವರ ಬಂದೂಕು ಕಳೆದ ವಾರ ಕಚೇರಿ ಪಾಲಾಗುವುದರಲ್ಲಿತ್ತು. ಕಾರಣ ಏನು ಗೊತ್ತೆ? ಹುಣಸೆಹಣ್ಣು.

ನಗಬೇಡಿ. ಮೊದಲು ನಡೆದದ್ದು ಕೇಳಿ, ಆಮೇಲೆ ಬೇಕಾದರೆ ನಗಿ.

ದಸರಾ ರಜೆ ಶುರುವಾಯಿತು. ಹೊನ್ನಾಳಿಯ ನಮ್ಮ ಸ್ಕೂಲಿಗೆ ಬೀಗ ಬಿದ್ದದ್ದೇ ತಡ (ಹಾಕಿದವನು ನಾನಲ್ಲ, ಜವಾನ), ಹೆಂಡತಿಯ ತವರು ಕೆರೆಬಿಳಚಿಗೆ ಹೊರಟೆವು. ಹೋಗಿ ನೋಡಿದರೆ ಮಾವನವರು ಜಗಲಿಯ ಮೇಲೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಅಳಿಯ ಬಂದದ್ದೂ ಕಾಣಲಿಲ್ಲ, ಪಕ್ಕದಲ್ಲಿದ್ದ ಕಾಫಿ ಆರಿದ್ದೂ ಗೊತ್ತಾಗಲಿಲ್ಲ.

ಯುದ್ಧ ಶುರುವಾದಾಗಿನಿಂದ ಸರ್ಕಾರಕ್ಕೆ ಎಲ್ಲದರ ಮೇಲೂ ಕಣ್ಣು. ಸೀಮೆಎಣ್ಣೆಗೆ ಕಾರ್ಡು, ಬಂದೂಕಿಗೆ ತನಿಖೆ. ಚನ್ನಗಿರಿಯ ಕಚೇರಿಯಲ್ಲಿ ಗುಮಾಸ್ತರು ಲೈಸೆನ್ಸು ನೋಡಿದರು, ಬಂದೂಕು ನೋಡಿದರು, ನಂಬರು ಎಲ್ಲಿ ಎಂದರು. ನಳಿಗೆಯ ಮೇಲೆ ನಂಬರು ಇರಬೇಕಾದ ಜಾಗ ಕನ್ನಡಿಯ ಹಾಗೆ ನುಣ್ಣಗಿತ್ತು. ಶನಿವಾರದೊಳಗೆ ನಂಬರು ತೋರಿಸದಿದ್ದರೆ ಬಂದೂಕು ಕಚೇರಿಯ ಉಗ್ರಾಣಕ್ಕೆ ಹೋಗುತ್ತದೆ ಎಂದು ಅವರು ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದರು. ಹಾಗೆ ಒಳಗೆ ಹೋದದ್ದು ಮತ್ತೆ ಯಾವಾಗ ಹೊರಗೆ ಬರುತ್ತದೋ ದೇವರಿಗೇ ಗೊತ್ತು.

ನಂಬರು ಎಲ್ಲಿ ಹೋಯಿತು? ನಮ್ಮ ಅತ್ತೆಯವರನ್ನು ಕೇಳಿ. ಆಯುಧಪೂಜೆ ಬಂತೆಂದರೆ ದೇವರ ಮನೆಯ ತಾಮ್ರದ ಚೊಂಬಿನ ಜೊತೆಗೆ ಬಂದೂಕಿಗೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ಅವರ ಪದ್ಧತಿ. ಮದುವೆಯಾಗಿ ಬಂದ ವರ್ಷದಿಂದ ಒಂದು ವರ್ಷವೂ ತಪ್ಪಿಸಿಲ್ಲ. ಅಂಕಿಗಳು ಎಷ್ಟು ವರ್ಷ ತಾನೇ ತಡೆದಾವು?

ಆ ಬಂದೂಕಿನಿಂದ ಗುಂಡು ಹಾರಿ ಎಷ್ಟೋ ಕಾಲವಾಯಿತು. ಆದರೂ ಮಾವನವರ ಮುಖ ನೋಡಲಾಗುತ್ತಿರಲಿಲ್ಲ. "ಹಿಡಿ ಸವೆದಿರೋದು ನೋಡಿ ಮೇಷ್ಟ್ರೇ, ನಮ್ಮಪ್ಪನ ಕೈ ಅಚ್ಚು ಅದು. ಇಲ್ಲಿ ಕೈ ಇಟ್ರೆ ಅಪ್ಪನ ಕೈ ಹಿಡಿದಂಗೆ ಆಗ್ತೈತೆ" ಎಂದರು. ಗಂಡಸು ಕಣ್ಣೊರೆಸಿಕೊಳ್ಳುವುದನ್ನು ನೋಡುವುದು ನನ್ನಿಂದಾಗದ ಕೆಲಸ.

ಒಂದೇ ದಾರಿ ಉಳಿದಿತ್ತು. ಬಂದೂಕಿನ ಪಕ್ಕೆಯಲ್ಲಿ ಒಂದು ಉಕ್ಕಿನ ತಗಡಿದೆ. ಗುಂಡು ಹಾರಿಸುವಾಗ ಹಿಂದಕ್ಕೆ ಎಳೆಯುವ ಕುದುರೆ ಕೂತಿರುವುದು ಅದರ ಮೇಲೆಯೇ. ಆ ತಗಡಿನ ಒಳಮೈಯಲ್ಲೂ ನಂಬರು ಹೊಡೆದಿದೆ ಎಂದು ಅವರ ತಂದೆ ಹೇಳುತ್ತಿದ್ದರಂತೆ. ತಗಡು ತೆಗೆಯಬೇಕಾದರೆ ಎರಡು ಸ್ಕ್ರೂ ಬಿಚ್ಚಬೇಕು. ಎರಡೇ ಸ್ಕ್ರೂ!

ನಾನು ಅಳಿಯ. ಅದರ ಮೇಲೆ ಮೇಷ್ಟ್ರು. ನನಗೆ ಬಾರದ ಕೆಲಸ ಯಾವುದಿದೆ? ಮಾವನವರು ತೋಟದ ಕಡೆ ಹೋದದ್ದು ನೋಡಿ, ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ತಂದು ಒತ್ತಿ ತಿರುಗಿಸಿದೆ. ಸ್ಕ್ರೂ ಜಪ್ಪಯ್ಯ ಎನ್ನಲಿಲ್ಲ. ಸುತ್ತಿಗೆಯಿಂದ ಒಂದು ಏಟು ಹಾಕಿ ಮತ್ತೆ ತಿರುಗಿಸಿದೆ. ಸ್ಕ್ರೂಡ್ರೈವರ್ ಜಾರಿತು. ತಲೆಯ ಮೇಲಿನ ಸೀಳಿನ ಒಂದು ಅಂಚು ಮುರುಟಿಹೋಯಿತು, ತಗಡಿನ ಮೇಲೆ ಉದ್ದಕ್ಕೂ ಒಂದು ಗೀರು ಬಿತ್ತು.

ಮಾವನವರು ಬಂದು ಕೇಳಿದಾಗ ಗೀರು ಮೊದಲೇ ಇತ್ತು ಎಂದುಬಿಟ್ಟೆ. (ಮಕ್ಕಳಿಗೆ ಸತ್ಯ ಹೇಳಬೇಕೆಂದು ವರ್ಷವಿಡೀ ಪಾಠ ಮಾಡುವವನು ನಾನೇ.)

ಶುಕ್ರವಾರ ಬೆಳಗ್ಗೆ ಬಂದೂಕನ್ನು ಜಮಖಾನದಲ್ಲಿ ಸುತ್ತಿಕೊಂಡು ಗಾಡಿಯಲ್ಲಿ ಚನ್ನಗಿರಿಗೆ ಹೋದೆವು. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಇಮಾಮ್ ಸಾಹೇಬರಿದ್ದಾರೆ. ಅವರ ತಂದೆ ಬಂದೂಕು ರಿಪೇರಿ ಮಾಡುತ್ತಿದ್ದವರು. ಸಾಹೇಬರು ಮೊದಲು ನಳಿಗೆಯೊಳಗೆ ಸರಳು ಬಿಟ್ಟು ಮದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡರು. (ಸುತ್ತಿಗೆ ಹಾಕುವ ಮುಂಚೆ ಈ ಬುದ್ಧಿ ನನಗೆ ಬಂದಿತ್ತೆ?) ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸ್ಕ್ರೂ ನೋಡಿದರು. ಗೀರನ್ನು ನೋಡಿದರು. ನನ್ನನ್ನೂ ನೋಡಿದರು.

ಅವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಸೂಜಿ ತೆಗೆದುಕೊಂಡು ಸ್ಕ್ರೂ ತಲೆಯ ಸೀಳನ್ನು ಕೆದಕತೊಡಗಿದರು. ಕೆಂಪು ಪುಡಿ ಉದುರಿತು. ತುಕ್ಕು ಎಂದುಕೊಂಡೆ. "ತುಕ್ಕು ಅಲ್ರೀ ಮೇಷ್ಟ್ರೇ, ಕುಂಕುಮ" ಎಂದರು. ಕುಂಕುಮದ ಕೆಳಗೆ ಅರಿಶಿನ, ಅರಿಶಿನದ ಕೆಳಗೆ ಗಂಧ, ಅದರ ಕೆಳಗೆ ಮತ್ತೆ ಕುಂಕುಮ. ಅಷ್ಟೂ ಆಯುಧಪೂಜೆಗಳು ಅಲ್ಲೇ ಗಟ್ಟಿಯಾಗಿ ಕೂತಿದ್ದವು. ನನ್ನ ಸ್ಕ್ರೂಡ್ರೈವರ್ ಜಾರದೆ ಇನ್ನೇನು ಮಾಡೀತು?

ಸೀಳು ಚೊಕ್ಕವಾದ ಮೇಲೆ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜತೊಡಗಿದರು. ಉಜ್ಜುವುದು, ಸೀಳಿಗೆ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಒಂದು ತಾಸು ಇದೇ ಆಯಿತು. ಕೊನೆಗೆ ತುದಿ ಅಲುಗಾಡದೆ ಸೀಳಿನಲ್ಲಿ ಕೂತಿತು. ಆಮೇಲೆ ಎರಡೂ ಸ್ಕ್ರೂಗಳ ಬುಡಕ್ಕೆ ನಾಲ್ಕು ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಇನ್ನು ನಾಳೆ ಬನ್ನಿ ಎಂದರು.

ನಾಳೆಯೇ ಶನಿವಾರ! ಮಾವನವರು ಕಚೇರಿಯ ವಾಯಿದೆ ಹೇಳಿ ಅಂಗಲಾಚಿದರು. ಸಾಹೇಬರು ಜಗ್ಗಲಿಲ್ಲ. "ಎಣ್ಣೆ ಒಳಗೆ ಇಳಿಯಾಕೆ ಹೊತ್ತು ಬೇಕ್ರೀ ಗೌಡ್ರೇ. ನಾವು ಅವಸರ ಮಾಡಿದ್ರೆ ತಲೆ ಮುರಿತೈತೆ, ಬುಡ ಒಳಗೇ ಉಳಿತೈತೆ" ಎಂದರು. ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರು ಬಂದೂಕು ಬಿಟ್ಟು ಕದಲುವಂತಿಲ್ಲ. ಮಾವನವರು ಅವತ್ತು ಸಾಹೇಬರ ಮನೆಯ ಜಗಲಿಯಲ್ಲೇ ಉಳಿದರು, ಅವರ ಜೊತೆಗೆ ನಾನೂ ಉಳಿದೆ.

ಶನಿವಾರ ಬೆಳಗ್ಗೆ ಸಾಹೇಬರು ಸ್ಕ್ರೂ ತಲೆಯ ಮೇಲೆ ಮೆಲ್ಲಗೆ ನಾಲ್ಕು ಸಲ ತಟ್ಟಿದರು. ನಾನು ಮುರುಟಿಸಿದ್ದ ಅಂಚನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ತಟ್ಟಿ ಮತ್ತೆ ಜಾಗಕ್ಕೆ ತಂದರು. ಬಳಿಕ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರು. ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ!

ನನಗೆ ತಡೆಯಲಾಗಲಿಲ್ಲ. ಇದೇನು ಎಂದು ಕೇಳಿದೆ. "ಹಿಡ್ಕೊಂಡಿರೋದನ್ನ ಬಿಡಿಸ್ಬೇಕಾದ್ರೆ ಮೊದಲು ಅದು ಹೋಗೋ ಕಡೇನೇ ಕೂದಲೆಳೆಯಷ್ಟು ಹೋಗ್ಬೇಕು. ಅಲುಗಾಡ್ತು ಅಂದ್ರೆ ಆಮೇಲೆ ನಾವು ಹೇಳಿದ್ದು ಕೇಳ್ತೈತೆ." ಹಟ ಹಿಡಿದ ಹುಡುಗರನ್ನು ಬರೀ ಬೆತ್ತದಿಂದ ತಿರುಗಿಸಲು ಹೋಗುವ ನನಗೆ ಈ ಮಾತು ಚೆನ್ನಾಗಿಯೇ ತಾಗಿತು.

ಕಿರ್ ಎಂದು ಸಣ್ಣ ಸದ್ದಾಯಿತು. ಸ್ಕ್ರೂ ಅಲುಗಿತು. ಹೊರಗೆ ಬಂತು. ಎರಡನೆಯದೂ ಬಂತು. ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲವಂತೆ. ಅದಕ್ಕೇ ರಟ್ಟಿನ ಮೇಲೆ ಬಂದೂಕಿನ ಚಿತ್ರ ಬರೆದು, ಎರಡನ್ನೂ ಅವುಗಳ ಜಾಗದಲ್ಲೇ ಚುಚ್ಚಿಟ್ಟರು. ತಗಡು ಎದ್ದಿತು. ಒಳಗೆ ಹೊಚ್ಚಹೊಸದರಂತೆ ಅಂಕಿಗಳು. ಸಾಹೇಬರು ಒಂದೊಂದಾಗಿ ಓದಿದರು. ಮಾವನವರು ಲೈಸೆನ್ಸಿನ ಮೇಲೆ ಬೆರಳಿಟ್ಟು ಸರಿಸುತ್ತ ಹೋದರು. ಕೊನೆಯ ಅಂಕಿಯೂ ಸರಿಹೋದಾಗ ಅಲ್ಲೇ ನೆಲದ ಮೇಲೆ ಕುಸಿದು ಕೂತು ನಗತೊಡಗಿದರು. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಆ ಹೊತ್ತಿನಲ್ಲೇ ಗೀರು ಬಿದ್ದದ್ದು ನನ್ನಿಂದ ಎಂದು ಒಪ್ಪಿಕೊಂಡೆ. "ಗೊತ್ತು ಬಿಡ್ರಿ. ಹೊಸ ಗೀರು ಹೊಳಿತೈತೆ" ಎಂದರು ಮಾವನವರು. ಸಾಹೇಬರು ಮುಖ ತಿರುಗಿಸಿ ಕೆಮ್ಮಿದರು.

ಕಚೇರಿಯಲ್ಲಿ ಗುಮಾಸ್ತರು ನಂಬರು ನೋಡಿ ಸಹಿ ಹಾಕಿದರು. ಸಾಹೇಬರ ಕೈಯಿಂದ ತಗಡು ಮತ್ತೆ ತನ್ನ ಜಾಗದಲ್ಲಿ ಕೂತಿತು. ಸಂಜೆ ಊರಿಗೆ ಬಂದು, ಒಳಗಿನ ನಂಬರು ಯಾರೂ ಮುಟ್ಟದೆ ಇದ್ದದ್ದರಿಂದಲೇ ಉಳಿಯಿತು ಎಂದು ಅತ್ತೆಯವರಿಗೆ ಬಿಡಿಸಿ ಹೇಳಿದೆವು. ಅವರು ಪೂರ್ತಿ ಕೇಳಿ, ದೇವರಿಗೆ ಕೈಮುಗಿದು, ಮಾವನವರ ಕಡೆ ತಿರುಗಿದರು.

"ಅಲ್ರೀ, ಇಷ್ಟು ವರ್ಷ ಒಳಗಡೆ ಒಂದು ಸಲಾನೂ ತಿಕ್ಕೇ ಇಲ್ಲ ಅಂದಂಗಾಯ್ತಲ್ಲ?"